ಆಹಾರ್ಯದಿಂದ ನಿರ್ದೇಶನಕ್ಕೆ: ಶ್ರೀಮತಿ ಪ್ರೇಮಾ ಕಾರಂತರ ಜೀವನವೂ ಸಾಧನೆಯೂ

ಪುತ್ತೂರು, ಸುಳ್ಯ, ಕಡಬ ಸೀಮೆಯ ಗೃಹಸ್ಥರಿಗೆ ವೇಷವೆಂಬುದರ ಮಹಿಮೆಯನ್ನು ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಪತ್ತನಾಜೆಯವರೆಗೆ ನಮ್ಮ ಬಯಲುಗಳಲ್ಲಿ ಚೆಂಡೆಯ ದನಿ ಕೇಳಿಬರುತ್ತಲೇ ಇರುವುದು. ಚೌಕಿಯೊಳಗೆ ಸಾಮಾನ್ಯ ಮನುಷ್ಯನಾಗಿ ಹೊಕ್ಕವನು ಒಂದೆರಡು ತಾಸಿನ ತರುವಾಯ ದೇವೇಂದ್ರನಾಗಿಯೋ ಮಹಿಷನಾಗಿಯೋ ಹೊರಬರುವುದನ್ನು ನಾವೆಲ್ಲರೂ ಬಾಲ್ಯದಲ್ಲಿ ಬೆರಗಿನಿಂದ ನೋಡಿದವರೇ. ಭರತಮುನಿಯು ತನ್ನ ನಾಟ್ಯಶಾಸ್ತ್ರದಲ್ಲಿ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕವೆಂದು ನಾಲ್ಕು ಬಗೆಯಾಗಿ ವಿಭಾಗಿಸಿ, ಉಡುಗೆತೊಡುಗೆ ಬಣ್ಣಗಳಿಗೆ ಸಂಬಂಧಪಟ್ಟ ಆಹಾರ್ಯಕ್ಕೆ ಪ್ರತ್ಯೇಕವಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವನು. ಆದರೂ ಲೋಕದಲ್ಲಿ ಹೊಗಳಿಕೆಯೆಲ್ಲ ಮಾತಿಗೂ ಕುಣಿತಕ್ಕೂ ಸಲ್ಲುವುದೇ ಹೊರತು, ಬಟ್ಟೆಯನ್ನು ಅಳೆದು ಕತ್ತರಿಸಿ ಹೊಲಿದ ಕೈಗೆ ಸಲ್ಲುವುದು ಅಪೂರ್ವ.

ಅಂತಹ ಕೈಯೊಂದು ಸೂಜಿದಾರವನ್ನು ಹಿಡಿದಂತೆಯೇ ಕಾಲಕ್ರಮದಲ್ಲಿ ಚಲಚ್ಚಿತ್ರದ ಸೂತ್ರವನ್ನೂ ಹಿಡಿದು, ಕನ್ನಡದಲ್ಲಿ ಚಿತ್ರವನ್ನು ನಿರ್ದೇಶಿಸಿದ ಪ್ರಥಮ ಮಹಿಳೆಯೆಂಬ ಕೀರ್ತಿಗೆ ಪಾತ್ರವಾದ ಸಂಗತಿಯನ್ನು ಈ ಲೇಖನದಲ್ಲಿ ವಾಚಕರ ಮುಂದಿಡಲು ಬಯಸಿದ್ದೇವೆ. ಶ್ರೀಮತಿ ಪ್ರೇಮಾ ಕಾರಂತರು ಹುಟ್ಟಿನಿಂದ ಈ ಸೀಮೆಯವರಲ್ಲ. ಆದರೆ ನಮ್ಮ ಜಿಲ್ಲೆಯ ಸೊಸೆ. ಇವರ ಪತಿ ಬಾಬುಕೋಡಿ ವೆಂಕಟರಮಣ ಕಾರಂತರು, ಎಂದರೆ ನಾಡಿಗೆಲ್ಲ ಬಿ. ವಿ. ಕಾರಂತರೆಂದು ಪರಿಚಿತರಾದ ರಂಗಭೂಮಿಯ ಮಹನೀಯರು, 1929ರಲ್ಲಿ ನಮ್ಮ ಪುತ್ತೂರಿಗೆ ನೆರೆಯ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದವರು. ಪತಿಯ ಹೆಸರು ದೊಡ್ಡದು. ದೊಡ್ಡ ಮರದ ನೆರಳಿನಲ್ಲಿ ಇನ್ನೊಂದು ಮರವು ಬೆಳೆದುದನ್ನು ಜನರು ಗಮನಿಸದೆ ಹೋಗುವುದುಂಟು. ಆದಕಾರಣ ಈ ಎರಡನೆಯ ಮರದ ಬಳಿಗೆ ಒಮ್ಮೆ ಹೋಗಿ ನೋಡುವುದು ಉಚಿತ.

ಪ್ರೇಮಾ ಅವರು 1936ನೆಯ ಇಸವಿ ಆಗಸ್ಟ್ 15ರಂದು ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ ಜನಿಸಿದರು. ತಂದೆ ದೇವೋಜಿರಾವ್, ತಾಯಿ ಕಮಲಮ್ಮ. ಬಾಲ್ಯವು ಸುಖದ್ದಾಗಿರಲಿಲ್ಲ. ಕೂಸು ಲೋಕವನ್ನು ಅರಿಯುವುದಕ್ಕೆ ಮೊದಲೇ ತಂದೆಯೂ, ತರುವಾಯ ತಾಯಿಯೂ ಕಾಲವಶರಾಗಲು, ತಬ್ಬಲಿಯಾದ ಮಗುವು ಶಿಡ್ಲಘಟ್ಟದಲ್ಲಿ ಅಜ್ಜಿಯ ಆಶ್ರಯದಲ್ಲಿ ಬೆಳೆಯಿತು. ಅನ್ಯರ ಮನೆಯ ಮೂಲೆಯಲ್ಲಿ ಕುಳಿತು, ಹಿರಿಯ ಹೆಂಗಸರ ಕೈಕೆಲಸಗಳನ್ನೂ ಅವರು ಬಾಯಿಬಿಟ್ಟು ಹೇಳದ ದುಃಖಗಳನ್ನೂ ನೋಡುತ್ತ ಬೆಳೆದ ಮಕ್ಕಳಿಗೆ ಒಂದು ವಿಶೇಷವಾದ ದೃಷ್ಟಿಯು ಪ್ರಾಪ್ತವಾಗುವುದೆಂದು ಅಧ್ಯಾಪಕರಾಗಿ ನಾವು ಅನೇಕ ಸಲ ಕಂಡಿದ್ದೇವೆ. ಅಂತಹ ಮಕ್ಕಳು ಮಾತನಾಡುವುದು ಕಡಿಮೆ, ನೋಡುವುದು ಹೆಚ್ಚು. ಪ್ರೇಮಾ ಅವರು ಮುಂದೆ ಮಾಡಿದ ಕೆಲಸವನ್ನು ನೋಡಿದಾಗ ಅವರ ಬಾಲ್ಯದ ಈ ಸಂಗತಿಯು ನಮ್ಮ ಮನಸ್ಸಿಗೆ ಮತ್ತೆ ಮತ್ತೆ ಬರುವುದು.

ವಿದ್ಯಾಭ್ಯಾಸವನ್ನು ಕಷ್ಟದಿಂದಲೇ ಸಾಗಿಸಿ, ಇವರು ಬೆಂಗಳೂರಿನಲ್ಲಿ ಶಾಲೆಯ ಅಧ್ಯಾಪಕಿಯಾದರು. ಮಕ್ಕಳಿಂದ ನಾಟಕವಾಡಿಸುವ ಅಭಿರುಚಿಯು ಅಲ್ಲಿಯೇ ಮೊಳೆತಿತು. 1950ರ ದಶಕದ ಕೊನೆಯಲ್ಲಿ ಕಾರಂತರೊಡನೆ ವಿವಾಹವಾಯಿತು.

ಈ ವರನ ಪೂರ್ವವೃತ್ತಾಂತವನ್ನು ಎರಡು ಮಾತುಗಳಲ್ಲಿ ಹೇಳಬೇಕು. ಬಾಲ್ಯದಲ್ಲಿಯೇ ನಾಟಕದ ಹುಚ್ಚು ಹಿಡಿದು, ಮನೆಬಿಟ್ಟು ಹೋಗಿ, ಗುಬ್ಬಿ ವೀರಣ್ಣನವರ ಕಂಪೆನಿಯನ್ನು ಸೇರಿದವರು ಕಾರಂತರು. ಹುಡುಗನ ಪ್ರತಿಭೆಯನ್ನು ಕಂಡ ವೀರಣ್ಣನವರು ಆತನನ್ನು ಉಚ್ಚ ವಿದ್ಯಾಭ್ಯಾಸಕ್ಕಾಗಿ ಕಾಶಿಗೆ ಕಳುಹಿಸಿದರು. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಹಿಂದಿ ಸಾಹಿತ್ಯವನ್ನೂ, ಪಂಡಿತ ಓಂಕಾರನಾಥ ಠಾಕೂರರ ಬಳಿಯಲ್ಲಿ ಸಂಗೀತವನ್ನೂ ಅಭ್ಯಾಸ ಮಾಡಿ, ಕಾರಂತರು ಬಳಿಕ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು ಸೇರಿ 1962ರಲ್ಲಿ ಪದವೀಧರರಾದರು.

ಪತಿಯೊಡನೆ ಪ್ರೇಮಾ ಅವರೂ ಕಾಶಿಗೆ ಹೋದರು. ಆದರೆ ಅಡಿಗೆಮನೆಯಲ್ಲಿಯೇ ಉಳಿಯಲಿಲ್ಲ. ತಾವೂ ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವಿಯನ್ನು ಪಡೆದರು. ದೆಹಲಿಯಲ್ಲಿ ಅಧ್ಯಾಪಕ ವೃತ್ತಿಯನ್ನು ಕೈಗೊಂಡರು. ಗಂಡನು ಕಲೆಯನ್ನು ಅರಸಿ ಹೊರಟಾಗ ತಿಂಗಳ ಕೊನೆಯಲ್ಲಿ ಅಕ್ಕಿಬೇಳೆಗೆ ಹಣವು ಎಲ್ಲಿಂದ ಬರಬೇಕೆಂಬ ಪ್ರಶ್ನೆಯು ಕಲಾವಿದರ ಚರಿತ್ರೆಗಳಲ್ಲಿ ಸಾಮಾನ್ಯವಾಗಿ ಬರೆಯಲ್ಪಡುವುದಿಲ್ಲ. ಗೃಹಸ್ಥರಾದ ವಾಚಕರಿಗೆ ಮಾತ್ರ ಅದು ಮುಖ್ಯವೆಂದು ತೋರದೆ ಇರದು. ಕೆಲಕಾಲದ ಮೇಲೆ ಇವರೂ ರಾಷ್ಟ್ರೀಯ ನಾಟಕ ಶಾಲೆಯನ್ನು ಸೇರಿ ಪದವಿಯನ್ನು ಸಂಪಾದಿಸಿದರು. ಗೃಹಿಣಿಯಾಗಿ, ಅಧ್ಯಾಪಕಿಯಾಗಿ, ಮತ್ತೆ ವಿದ್ಯಾರ್ಥಿನಿಯಾಗಿ ಬೆಂಚಿನ ಮೇಲೆ ಕುಳಿತುಕೊಳ್ಳುವುದಕ್ಕೆ ಎಷ್ಟು ವಿನಯವೂ ಎಷ್ಟು ಹಟವೂ ಬೇಕೆಂಬುದನ್ನು ಊಹಿಸಿಕೊಳ್ಳಬಹುದು.

1972ರ ಸುಮಾರಿಗೆ ದಂಪತಿಗಳು ಬೆಂಗಳೂರಿಗೆ ಹಿಂತಿರುಗಿದರು. ಅದು ಕನ್ನಡ ರಂಗಭೂಮಿಯ ವಸಂತಕಾಲವೆಂದು ಹೇಳಬೇಕು. ಗಿರೀಶ ಕಾರ್ನಾಡ, ಚಂದ್ರಶೇಖರ ಕಂಬಾರ ಮೊದಲಾದವರ ಹೊಸ ನಾಟಕಗಳು ರಂಗಕ್ಕೆ ಏರುತ್ತಿದ್ದವು. ಬೆಂಗಳೂರು ನಗರ ಕಲಾವಿದರೆಂಬ ಹೆಸರಿನ ಆದ್ಯಕ್ಷರಗಳಿಂದ ‘ಬೆನಕ’ವೆಂದಾದ ತಂಡವನ್ನು ಕಾರಂತರು ಕಟ್ಟಿದರು. ಆ ತಂಡದ ಬೆನ್ನೆಲುಬಾಗಿ ಪ್ರೇಮಾ ಅವರು ದುಡಿದರು. ಸ್ವತಃ ನಾಟಕಗಳನ್ನು ನಿರ್ದೇಶಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ವೇಷಭೂಷಣಗಳನ್ನು ಸಿದ್ಧಗೊಳಿಸಿದರು. ಹೀಗೆ ಇವರ ಕೈಯಿಂದ ಉಡುಗೆಯನ್ನು ಪಡೆದ ನಾಟಕಗಳು ನೂರಕ್ಕೂ ಮಿಕ್ಕು.

ವೇಷವನ್ನು ವಿನ್ಯಾಸಗೊಳಿಸುವುದು ಚಂದದ ಬಟ್ಟೆಯನ್ನು ಆರಿಸುವ ಕೆಲಸವಷ್ಟೇ ಎಂದು ತಿಳಿಯಬಾರದು. ಪಾತ್ರದ ವಯಸ್ಸು, ಕುಲ, ಕಸುಬು, ದೇಶ, ಕಾಲ, ಬಡತನ, ಹೆಮ್ಮೆ, ದುಃಖ, ಇವೆಲ್ಲವನ್ನೂ ಮಾತಿಲ್ಲದೆ ಸೂಚಿಸತಕ್ಕ ಭಾಷೆಯದು. ಸೆರಗು ಯಾವ ಭುಜದ ಮೇಲೆ, ಕುಪ್ಪಸದ ತೋಳು ಎಷ್ಟು ಉದ್ದ, ಸೀರೆಯ ಅಂಚು ಹಳತಾಗಿದೆಯೇ ಹೊಸತೇ, ಒಂದೊಂದೂ ಒಂದೊಂದು ವಾಕ್ಯ. 1975ರಲ್ಲಿ ಜಿ. ವಿ. ಅಯ್ಯರ್ ಅವರು ತ. ರಾ. ಸು. ಅವರ ಕಾದಂಬರಿಯನ್ನು ಆಧರಿಸಿ ‘ಹಂಸಗೀತೆ’ಯೆಂಬ ಚಿತ್ರವನ್ನು ತೆಗೆದಾಗ ಅದರ ವಸ್ತ್ರವಿನ್ಯಾಸವನ್ನು ಪ್ರೇಮಾ ಅವರಿಗೆ ವಹಿಸಲಾಯಿತು. ಚಿತ್ರದುರ್ಗದ ಪಾಳೆಯಗಾರರ ಕಾಲದ ಸಂಗೀತಗಾರನೊಬ್ಬನ ಕಥೆ ಅದು. ಹಳೆಯ ಕಾಲವನ್ನು ಉಡುಪಿನಿಂದಲೇ ಮತ್ತೆ ಹುಟ್ಟಿಸಬೇಕಾದ ಆ ಹೊಣೆಯ ಮೂಲಕ ಇವರು ಚಲಚ್ಚಿತ್ರದ ಕಾರ್ಯಾಗಾರವನ್ನು ಪ್ರವೇಶಿಸಿದರು. ಮುಂದೆ ‘ಕುದುರೆ ಮೊಟ್ಟೆ’ಯೆಂಬ ಚಿತ್ರಕ್ಕೆ ಕಲಾನಿರ್ದೇಶನವನ್ನೂ ಮಾಡಿದರು. ಹೀಗೆ ಮುಂಬಾಗಿಲಿನಿಂದಲ್ಲ, ಚೌಕಿಯ ಬಾಗಿಲಿನಿಂದ ಇವರು ಸಿನಿಮಾವನ್ನು ಹೊಕ್ಕರು.

ಸಿನಿಮಾದ ಮುಂಬಾಗಿಲು ಸ್ತ್ರೀಯರಿಗೆ ಯಾವ ಸ್ಥಿತಿಯಲ್ಲಿದ್ದಿತೆಂಬುದನ್ನೂ ಇಲ್ಲಿ ವಿಚಾರಿಸಬೇಕು. ಕನ್ನಡದ ಮೊದಲನೆಯ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡುದು 1934ರ ಮಾರ್ಚಿಯಲ್ಲಿ. ಆ ಚಿತ್ರದ ಹೆಸರೇ ಒಬ್ಬ ಸ್ತ್ರೀಯದು. ಅಂದಿನಿಂದಲೂ ಕನ್ನಡ ಚಿತ್ರಗಳು ಸತಿಯರ, ಸೊಸೆಯರ, ತಾಯಂದಿರ ಕಥೆಗಳನ್ನು ಹೇಳುತ್ತಲೇ ಬಂದವು. ನಟಿಯರಿಗೆ ಕೊರತೆಯಿರಲಿಲ್ಲ. 1936ರ ‘ಸಂಸಾರ ನೌಕೆ’ಯಲ್ಲಿ ನಟಿಸಿದ ಶ್ರೀಮತಿ ಎಂ. ವಿ. ರಾಜಮ್ಮನವರು 1943ರಲ್ಲಿ ‘ರಾಧಾರಮಣ’ವನ್ನು ನಿರ್ಮಿಸಿ, ಕನ್ನಡದಲ್ಲಿ ಚಿತ್ರನಿರ್ಮಾಣಕ್ಕೆ ಕೈಹಾಕಿದ ಮೊದಲನೆಯ ಮಹಿಳೆಯಾದರು. ಆದರೆ ಕ್ಯಾಮೆರಾದ ಹಿಂದೆ ನಿಂತು, ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ನಿರ್ದೇಶಕನ ಪೀಠವು ಪುರುಷರದಾಗಿಯೇ ಉಳಿಯಿತು. ನೆರೆಯ ತಮಿಳಿನಲ್ಲಿ ಟಿ. ಪಿ. ರಾಜಲಕ್ಷ್ಮಿಯವರು 1936ರಲ್ಲಿಯೇ ‘ಮಿಸ್ ಕಮಲಾ’ ಎಂಬ ಚಿತ್ರವನ್ನು ನಿರ್ದೇಶಿಸಿದ್ದರು. ಅದಕ್ಕೂ ಹಿಂದೆ, ಮೂಕಿಚಿತ್ರಗಳ ಕಾಲದಲ್ಲಿ, 1926ರಲ್ಲಿ ಮುಂಬಯಿಯ ನಟಿ ಫಾತ್ಮಾ ಬೇಗಮರು ನಿರ್ದೇಶಕಿಯಾಗಿದ್ದರು. ಕನ್ನಡ ಮಾತ್ರ 1934ರಿಂದ ಲೆಕ್ಕಹಾಕಿದರೆ ಸುಮಾರು 49 ವರ್ಷ ಕಾಯಬೇಕಾಯಿತು.

ಈ ವಿಳಂಬವು ನಮ್ಮದು ಮಾತ್ರವೇ ಎಂದು ಭಾವಿಸಬೇಕಾಗಿಲ್ಲ. ಸಮುದ್ರದಾಚೆಯ ಕ್ಯೂಬಾ ದ್ವೀಪದಲ್ಲಿ ಸಾರಾ ಗೋಮೆಸ್ ಎಂಬ ತರುಣಿಯು ಆ ದೇಶದ ಸ್ತ್ರೀಯೊಬ್ಬಳು ನಿರ್ದೇಶಿಸಿದ ಮೊದಲನೆಯ ದೀರ್ಘ ಕಥಾಚಿತ್ರವನ್ನು ತೆಗೆಯುತ್ತಿರುವಾಗಲೇ 1974ರಲ್ಲಿ ಅಕಾಲಮರಣವನ್ನು ಹೊಂದಿದಳು. ಸಹೋದ್ಯೋಗಿಗಳು ಅದನ್ನು ಪೂರ್ತಿಗೊಳಿಸಿ 1977ರಲ್ಲಿ ತೆರೆಗೆ ತಂದರು. ಕ್ರಾಂತಿಯಾದ ದೇಶದಲ್ಲಿಯೂ, ಸಂಪ್ರದಾಯದ ದೇಶದಲ್ಲಿಯೂ, ಈ ಒಂದು ಬಾಗಿಲು ತೆರೆದುದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎಂಬುದು ಆಲೋಚಿಸತಕ್ಕ ವಿಷಯ.

ಪ್ರೇಮಾ ಅವರು ತಮ್ಮ ಮೊದಲನೆಯ ಚಿತ್ರಕ್ಕೆ ಯಾವ ವಸ್ತುವನ್ನು ಆರಿಸಿಕೊಂಡರು? ಬಾಲವಿಧವೆಯ ಕಥೆಯನ್ನು. ಈ ವಸ್ತುವು ಕನ್ನಡಕ್ಕೆ ಹೊಸದಲ್ಲ. ನಮ್ಮ ಜಿಲ್ಲೆಗಂತೂ ಅತ್ಯಂತ ಹಳೆಯದು. 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಪರಿಗಣಿಸಲ್ಪಟ್ಟಿರುವ ಗ್ರಂಥ, ಒಬ್ಬ ತರುಣ ವಿಧವೆಯು ಸಂಕಟದಿಂದ ಪಾರಾಗಿ ವಿದ್ಯಾವತಿಯಾಗಿ ಪುನರ್ವಿವಾಹವನ್ನು ಹೊಂದುವ ಕಥೆ. ಪುನರ್ವಿವಾಹಕ್ಕೆ ಸರಕಾರದ ಕಾನೂನು 1856ರಲ್ಲಿಯೇ ಅನುಮತಿಯನ್ನು ಕೊಟ್ಟಿತ್ತು. ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯಿದೆ 1929ರಲ್ಲಿ ಆಯಿತು. ಕಾನೂನು ಗ್ರಂಥದಲ್ಲಿ ಇದ್ದಿತು. ಕ್ಷೌರದ ಕತ್ತಿಯು ಮನೆಯಲ್ಲಿ ಇದ್ದಿತು. ನಡುವಣ ಅಂತರವನ್ನು ಎಷ್ಟೋ ಹೆಣ್ಣುಮಕ್ಕಳು ತಮ್ಮ ಆಯುಸ್ಸಿನಿಂದ ತುಂಬಿದರು.

ನಮ್ಮ ಪುತ್ತೂರಿನ ಬಾಲವನದಲ್ಲಿ ನಾಲ್ಕು ದಶಕಗಳಷ್ಟು ಕಾಲ ನೆಲೆಸಿದ್ದ ಡಾ. ಶಿವರಾಮ ಕಾರಂತರು 1968ರಲ್ಲಿ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯನ್ನು ಬರೆದರು. 1977ರ ಜ್ಞಾನಪೀಠ ಪುರಸ್ಕಾರಕ್ಕೆ ಕಾರಣವಾದ ಆ ಕೃತಿಯ ಅಜ್ಜಿಯೂ ಬಾಲವಿಧವೆಯೇ. ಚಲಚ್ಚಿತ್ರಗಳಲ್ಲಿಯೂ ಈ ವಸ್ತು ಬಂದಿತ್ತು. ಬಿ. ವಿ. ಕಾರಂತರೂ ಕಾರ್ನಾಡರೂ ಕೂಡಿ ನಿರ್ದೇಶಿಸಿದ ‘ವಂಶವೃಕ್ಷ’ದಲ್ಲಿ ವಿಧವೆಯಾದ ಕಾತ್ಯಾಯನಿಯು ಮರುಮದುವೆಯಾಗಿ ದುಃಖದಲ್ಲಿ ಕೊನೆಗಾಣುವಳು. 1977ರಲ್ಲಿ ಗಿರೀಶ ಕಾಸರವಳ್ಳಿಯವರು ತೆಗೆದ ‘ಘಟಶ್ರಾದ್ಧ’ದಲ್ಲಿ ಯಮುನೆಯೆಂಬ ಎಳೆಯ ವಿಧವೆಗೆ ಆಕೆ ಬದುಕಿರುವಾಗಲೇ ಶ್ರಾದ್ಧವನ್ನು ಮಾಡಿ ಹೊರಹಾಕುವರು. ಇವೆಲ್ಲವೂ ಶ್ರೇಷ್ಠ ಕೃತಿಗಳು, ಅದರಲ್ಲಿ ಸಂದೇಹವಿಲ್ಲ. ಆದರೆ ಇವುಗಳಲ್ಲಿ ವಿಧವೆಯು ಮರುಮದುವೆಯಾಗಬೇಕು, ಇಲ್ಲವೇ ಎಡವಬೇಕು, ಇಲ್ಲವೇ ದಿವ್ಯದೃಷ್ಟಿಯನ್ನು ಪಡೆಯಬೇಕು. ಇದಾವುದೂ ಆಗದೆ, ನೀರು ಸೇದಿ, ಅಕ್ಕಿ ಆರಿಸಿ, ಬಾಣಂತಿಯರ ಶುಶ್ರೂಷೆ ಮಾಡಿ, ಮನೆಯ ಮೂಲೆಯಲ್ಲಿ ಎಂಬತ್ತು ತೊಂಬತ್ತು ವರ್ಷ ಬಾಳಿದ ಸಾವಿರಾರು ಹೆಂಗಸರ ಕಥೆಯನ್ನು ಯಾರು ಹೇಳಬೇಕು?

ಅಂತಹ ಒಬ್ಬರು ನಮ್ಮ ಮನೆಯಲ್ಲಿಯೂ ಇದ್ದರು. ಸುಳ್ಯದ ಕಡೆಯ ನಮ್ಮ ಹಿರಿಯರ ಮನೆಯಲ್ಲಿ ಅಜ್ಜಿಯ ಅಕ್ಕನೊಬ್ಬರು, ಬೋಳುತಲೆಯ ಮೇಲೆ ಕೆಂಪು ಸೀರೆಯ ಸೆರಗನ್ನು ಹೊದ್ದು, ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ರಾತ್ರಿ ಎಲ್ಲರಿಗಿಂತ ಕೊನೆಗೆ ಮಲಗುತ್ತಿದ್ದರು. ಹಪ್ಪಳ ಸಂಡಿಗೆಗಳು ಅವರ ಕೈಯವು. ಮಕ್ಕಳ ಜ್ವರಕ್ಕೆ ಕಷಾಯವು ಅವರ ಕೈಯದು. ಆದರೆ ಮದುವೆ ಮುಂಜಿಗಳಲ್ಲಿ ಚಪ್ಪರದ ಕೆಳಗೆ ಅವರು ಬರುತ್ತಿರಲಿಲ್ಲ. ನಮಗೆ ಏಳು ವರ್ಷವಾಗಿದ್ದಾಗ ತೀರಿಕೊಂಡರು. ಎಲ್ಲರೂ ಅವರನ್ನು ‘ಮಡಿಅಜ್ಜಿ’ಯೆಂದೇ ಕರೆಯುತ್ತಿದ್ದರು. ಅವರಿಗೊಂದು ಸ್ವಂತ ಹೆಸರಿರಬಹುದೆಂಬ ಯೋಚನೆಯು ಮನೆಯಲ್ಲಿ ಯಾರಿಗೂ ಬಂದಂತಿರಲಿಲ್ಲ.

ಶ್ರೀಮತಿ ಎಂ. ಕೆ. ಇಂದಿರಾ ಅವರು ಅಂತಹವರ ಕಥೆಯನ್ನು ಹೇಳಿದರು. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿ, ಹನ್ನೆರಡನೆಯ ವಯಸ್ಸಿನಲ್ಲಿ ವಿವಾಹವಾಗಿ, ಅಲ್ಲಿಗೆ ಶಾಲೆಯ ಓದು ನಿಂತುಹೋದ ಈ ಲೇಖಕಿಯು ನಡುವಯಸ್ಸನ್ನು ದಾಟಿದ ಮೇಲೆ ಕಾದಂಬರಿಗಳನ್ನು ಬರೆಯಲಾರಂಭಿಸಿ ಮನೆಮಾತಾದರು. 1976ರಲ್ಲಿ ಪ್ರಕಟವಾದ ಇವರ ‘ಫಣಿಯಮ್ಮ’ವು ಮಲೆನಾಡಿನಲ್ಲಿ ನಿಜವಾಗಿ ಬಾಳಿದ ಒಬ್ಬ ವೃದ್ಧೆಯ ಚರಿತ್ರೆಯನ್ನು ಆಧರಿಸಿದುದು. ಆ ವೃದ್ಧೆಯ ವೃತ್ತಾಂತವನ್ನು ಇಂದಿರಾ ಅವರು ತಮ್ಮ ತಾಯಿಯ ಬಾಯಿಂದ ಕೇಳಿದ್ದರು. ಹೆಂಗಸಿನಿಂದ ಹೆಂಗಸಿಗೆ ಅಡಿಗೆಮನೆಯಲ್ಲಿ ದಾಟಿಬಂದ ಕಥೆಯೆಂದು ಇದನ್ನು ಕರೆಯಬಹುದು.

ಫಣಿಯೆಂದರೆ ಸರ್ಪ. ಎಳೆಯ ವಯಸ್ಸಿನ ಫಣಿಯಮ್ಮನ ಬಾಲಕ ಗಂಡನು ಸರ್ಪದಂಶದಿಂದಲೇ ಮೃತನಾಗುವನು. ಮದುವೆಯೆಂದರೇನೆಂದು ಅರಿಯದ ಮಗುವಿನ ಬಳೆ, ಹೂವು, ಕುಂಕುಮಗಳು ಹೋಗುವುವು. ಮೈನೆರೆದ ಬಳಿಕ ತಲೆಗೂದಲೂ ಹೋಗುವುದು. ಅಲ್ಲಿಂದ ಮುಂದೆ ದೀರ್ಘವಾದ ಆಯುಸ್ಸು. ಆಕೆ ಯಾರನ್ನೂ ಶಪಿಸುವುದಿಲ್ಲ, ಯಾರೊಡನೆಯೂ ಜಗಳವಾಡುವುದಿಲ್ಲ, ಎಲ್ಲವನ್ನೂ ನೋಡುವಳು. ಮಡಿಮೈಲಿಗೆಯ ಹೆಸರಿನಲ್ಲಿ ನಡೆಯುವ ಕಪಟವನ್ನು ನೋಡಿ ನೋಡಿ ಆಕೆಯ ಮನಸ್ಸು ಒಳಗೊಳಗೇ ಸ್ವತಂತ್ರವಾಗುವುದು. ಒಂದು ರಾತ್ರಿ, ಪ್ರಸವವೇದನೆಯಿಂದ ಸಾಯುತ್ತಿದ್ದ, ಅಸ್ಪೃಶ್ಯಳೆಂದು ಎಣಿಸಲ್ಪಟ್ಟಿದ್ದ ಒಬ್ಬ ಹೆಂಗಸಿನ ಗುಡಿಸಲಿಗೆ ಹೋಗಿ, ತನ್ನ ಕೈಯಿಂದಲೇ ಹೆರಿಗೆಯನ್ನು ಮಾಡಿಸಿ ಎರಡು ಜೀವಗಳನ್ನು ಉಳಿಸುವಳು. ಮುಂದೆ, ದಾಕ್ಷಾಯಿಣಿಯೆಂಬ ಹರೆಯದ ವಿಧವೆಯು ಕೇಶಮುಂಡನಕ್ಕೆ ಒಪ್ಪುವುದಿಲ್ಲವೆಂದು ಸೆಟೆದು ನಿಂತಾಗ, ಊರೆಲ್ಲವೂ ಹೌಹಾರುತ್ತಿರಲು, ಆಕೆಯ ಪಕ್ಷವನ್ನು ವಹಿಸುವವಳು ಇದೇ ಮಡಿಹೆಂಗಸು. ತನಗಾದುದು ಇನ್ನೊಬ್ಬಳಿಗೆ ಆಗಬಾರದೆಂಬುದಷ್ಟೇ ಆಕೆಯ ತರ್ಕ. ತನಗಾದುದೆಲ್ಲ ಇನ್ನೊಬ್ಬಳಿಗೂ ಆಗಲೇಬೇಕೆಂಬ ಲೋಕದ ನ್ಯಾಯಕ್ಕೆ ಇದು ನೇರವಾದ ಉತ್ತರ.

ಈ ಕಾದಂಬರಿಯನ್ನು ಪ್ರೇಮಾ ಅವರು ಚಿತ್ರವಾಗಿಸಿದರು. ಮಧು ಅಂಬಟ್ ಅವರ ಛಾಯಾಗ್ರಹಣ, ಬಿ. ವಿ. ಕಾರಂತರ ಸಂಗೀತ. ಫಣಿಯಮ್ಮನ ಪಾತ್ರದಲ್ಲಿ ಶ್ರೀಮತಿ ಎಲ್. ವಿ. ಶಾರದಾ ಅವರು, ‘ವಂಶವೃಕ್ಷ’ದಲ್ಲಿ ಕಾತ್ಯಾಯನಿಯಾಗಿದ್ದವರೂ ಇವರೇ. 1983ರಲ್ಲಿ ಚಿತ್ರವು ಹೊರಬಂದಿತು. 1982ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ಅತ್ಯುತ್ತಮ ಚಿತ್ರವೆಂಬ ಗೌರವವು ಅದಕ್ಕೆ ಸಂದಿತು.

ಅಂದು ಮಂಗಳೂರಿನಲ್ಲಿ ವ್ಯಾಸಂಗ ಮಾಡುತ್ತಿದ್ದ ನಾವು ಒಂದು ಚಿತ್ರಪ್ರದರ್ಶನದಲ್ಲಿ ಇದನ್ನು ನೋಡಿದೆವು. ಪಂಡಿತರ ಬಳಿಯಲ್ಲಿ ನಾಟ್ಯಶಾಸ್ತ್ರದ ಕೆಲವು ಅಧ್ಯಾಯಗಳನ್ನು ಓದುತ್ತಿದ್ದ ಕಾಲವದು. ಆಹಾರ್ಯವೆಂದರೆ ತೊಡಿಸುವುದು ಎಂದು ಓದಿದ್ದ ನಮಗೆ, ಕಳಚುವುದೂ ಆಹಾರ್ಯವೇ ಎಂಬ ಅರ್ಥವು ಅಂದು ಹೊಳೆಯಿತು. ವಿಧವೆಯ ಮೈಮೇಲಿಂದ ಸಮಾಜವು ಒಂದೊಂದಾಗಿ ತೆಗೆಯುವುದು ಏನನ್ನು? ಬಳೆಯನ್ನು, ಓಲೆಯನ್ನು, ಹೂವನ್ನು, ಬಣ್ಣವನ್ನು, ಕೂದಲನ್ನು. ಎಂದರೆ ಆಕೆಯು ಯಾರೆಂದು ಲೋಕಕ್ಕೆ ತಿಳಿಸುವ ಪ್ರತಿಯೊಂದು ಗುರುತನ್ನು. ನೂರು ಪಾತ್ರಗಳಿಗೆ ಉಡುಗೆಯನ್ನು ತೊಡಿಸಿದ ಕೈಗೆ, ತೊಡಿಗೆಯನ್ನು ಕಿತ್ತುಕೊಂಡಾಗ ಮನುಷ್ಯನಲ್ಲಿ ಏನು ಉಳಿಯುವುದೆಂಬುದು ಇತರರಿಗಿಂತ ಚೆನ್ನಾಗಿ ತಿಳಿದಿದ್ದುದರಲ್ಲಿ ಆಶ್ಚರ್ಯವಿಲ್ಲ. ಉಳಿಯುವುದು ಕಣ್ಣು, ಕೈ, ಮತ್ತು ಮನಸ್ಸು. ಆ ಚಿತ್ರದಲ್ಲಿ ಅಬ್ಬರದ ಮಾತಿಲ್ಲ; ಎದೆಬಡಿದುಕೊಳ್ಳುವ ಗೋಳಿಲ್ಲ. ಮನೆಗೆಲಸದ ನಿತ್ಯಚಕ್ರದಲ್ಲಿ ಒಬ್ಬ ಹೆಂಗಸು ದೊಡ್ಡವಳಾಗುತ್ತ, ಮುದುಕಿಯಾಗುತ್ತ, ಜ್ಞಾನಿಯಾಗುತ್ತ ಹೋಗುವಳು. ಅಲಂಕಾರವೆಲ್ಲವೂ ಹೋದಮೇಲೆ ಉಳಿಯುವುದನ್ನು ನಮ್ಮ ಶಾಸ್ತ್ರಕಾರರು ಸಾತ್ವಿಕವೆಂದು ಕರೆದಿರುವರು.

ಆ ಚಿತ್ರವನ್ನು ನೋಡಿ ಊರಿಗೆ ಹೋದಾಗ ನಾವು ಮನೆಯ ಹಿರಿಯರನ್ನು ಕೇಳಿದ ಮೊದಲನೆಯ ಪ್ರಶ್ನೆ, ಮಡಿಅಜ್ಜಿಯ ಹೆಸರೇನೆಂಬುದು. ಜಗಲಿಯಲ್ಲಿದ್ದ ಗಂಡಸರಲ್ಲಿ ಯಾರಿಗೂ ತಿಳಿಯದು. ಮನೆಯ ವಂಶಾವಳಿಯ ಪುಸ್ತಕದಲ್ಲಿ ಏಳು ತಲೆಮಾರುಗಳ ಗಂಡಸರ ಹೆಸರುಗಳು ಇದ್ದುವು, ಅವರದು ಇರಲಿಲ್ಲ. ಕೊನೆಗೆ ಒಳಗಿನಿಂದ ನಮ್ಮ ದೊಡ್ಡಮ್ಮ ಕೈ ಒರಸಿಕೊಳ್ಳುತ್ತ ಬಂದು, “ಕಾವೇರಿ” ಎಂದರು. ಅಂದು ಆ ಪುಸ್ತಕದ ಅಂಚಿನಲ್ಲಿ ನಾವು ಆ ಹೆಸರನ್ನು ಬರೆದೆವು. ಒಂದು ಚಲಚ್ಚಿತ್ರದಿಂದ ಒಂದು ಮನೆಯಲ್ಲಿ ಆದ ಫಲ ಇಷ್ಟೇ. ಆದರೆ ಇದು ಅಲ್ಪವಾದ ಫಲವೆಂದು ನಮಗೆ ತೋರುವುದಿಲ್ಲ.

ಪ್ರೇಮಾ ಕಾರಂತರ ಕೆಲಸವು ಈ ಒಂದು ಚಿತ್ರದಿಂದ ಮುಗಿಯುವುದಿಲ್ಲ. ಮುಂದೆ ‘ನಕ್ಕಳಾ ರಾಜಕುಮಾರಿ’ ಮೊದಲಾದ ಬೇರೆ ಚಿತ್ರಗಳನ್ನೂ ನಿರ್ದೇಶಿಸಿದರು. ಆದರೆ ಅಧ್ಯಾಪಕ ವೃತ್ತಿಯಲ್ಲಿ ಕೂದಲು ಹಣ್ಣಾದ ನಮ್ಮಂತಹವರಿಗೆ ಇವರ ಇನ್ನೊಂದು ಕೆಲಸವು ಅಷ್ಟೇ ಪೂಜ್ಯವೆನ್ನಿಸುವುದು. 1979ರಲ್ಲಿ ಇವರು ‘ಬೆನಕ ಮಕ್ಕಳ ಕೇಂದ್ರ’ವನ್ನು ಸ್ಥಾಪಿಸಿ, ಮಕ್ಕಳಿಂದ ಮಕ್ಕಳಿಗಾಗಿ ನಾಟಕಗಳನ್ನು ಆಡಿಸಲಾರಂಭಿಸಿದರು. ‘ಅಲೀಬಾಬಾ’ ಮೊದಲನೆಯದು. ಆಸ್ಕರ್ ವೈಲ್ಡರ ಸ್ವಾರ್ಥಿ ರಾಕ್ಷಸನ ಕಥೆಯನ್ನು ಆಧರಿಸಿದ ‘ಜಾಯಂಟ್ ಮಾಮ’ವೂ ಹೆಸರಾಯಿತು.

ಪುತ್ತೂರಿನವರಿಗೆ ಇದರಲ್ಲಿ ಒಂದು ಹಳೆಯ ನೆನಪು ಇಣಿಕಿ ನೋಡದಿರದು. ಶಿವರಾಮ ಕಾರಂತರು ಪರ್ಲಡ್ಕದ ಗುಡ್ಡದ ಮೇಲೆ ಬಾಲವನವನ್ನು ಕಟ್ಟಿದ್ದೇ ಮಕ್ಕಳು ಆಟ, ಹಾಡು, ಕುಣಿತ, ನಾಟಕಗಳ ಮೂಲಕ ಕಲಿಯಬೇಕೆಂಬ ಹಂಬಲದಿಂದ. 1930ರ ಸುಮಾರಿಗೆ ಮೂಕಿಚಿತ್ರಗಳನ್ನು ತೆಗೆಯುವ ಸಾಹಸವನ್ನೂ ಅವರು ಮಾಡಿದ್ದರು. ಅವರ ‘ಚೋಮನ ದುಡಿ’ಯನ್ನು 1975ರಲ್ಲಿ ಬಿ. ವಿ. ಕಾರಂತರು ಚಿತ್ರವಾಗಿಸಿ ರಾಷ್ಟ್ರದ ಸ್ವರ್ಣಕಮಲವನ್ನು ಪಡೆದರು. ಮಂಚಿಯ ಕಾರಂತರ ಪತ್ನಿಯು ಬೆಂಗಳೂರಿನಲ್ಲಿ ಮಕ್ಕಳ ರಂಗವನ್ನು ಕಟ್ಟಿದಾಗ, ಪುತ್ತೂರಿನ ಕಾರಂತರ ಹಂಬಲವೂ ಇನ್ನೊಂದು ಕೈಯಿಂದ ಮುಂದುವರಿಯಿತೆಂದು ನಾವು ಭಾವಿಸುವೆವು.

ಮಕ್ಕಳ ನಾಟಕದಿಂದ ಏನು ಪ್ರಯೋಜನವೆಂದು ತಂದ���ತಾಯಿಗಳು ನಮ್ಮನ್ನು ಕೇಳಿದ್ದುಂಟು. ನಾವು ಶಾಲೆಗಳಲ್ಲಿ ಕಂಡುದನ್ನೇ ಹೇಳುವೆವು. ಪಾಠವನ್ನು ಒಪ್ಪಿಸಲು ನಾಲಗೆ ಏಳದ ಹುಡುಗನು ಕಾಗದದ ಕಿರೀಟವನ್ನು ಇಟ್ಟುಕೊಂಡ ಕೂಡಲೇ ಎದೆಯೆತ್ತಿ ಮಾತನಾಡುವನು. ತರಗತಿಯಲ್ಲಿ ಎಲ್ಲರಿಗೂ ಗದರಿಸುವ ಹುಡುಗನು ನಾಟಕದಲ್ಲಿ ಸೇವಕನ ಪಾತ್ರವನ್ನು ವಹಿಸಿದಾಗ, ಗದರಿಕೆಯನ್ನು ಕೇಳಿಸಿಕೊಳ್ಳುವುದು ಹೇಗಿರುವುದೆಂದು ಮೊದಲ ಸಲ ತಿಳಿಯುವನು. ಇನ್ನೊಬ್ಬರ ಉಡುಗೆಯನ್ನು ತೊಟ್ಟು ಇನ್ನೊಬ್ಬರ ಮನಸ್ಸನ್ನು ಹೊಗುವ ಈ ಅಭ್ಯಾಸವು ಚಿಕ್ಕಂದಿನಲ್ಲಿ ಆದರೆ, ದೊಡ್ಡವರಾದ ಮೇಲೆ ಮನೆಯ ಮೂಲೆಯಲ್ಲಿ ಕುಳಿತವರು ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಇದಕ್ಕೆ ದುಬಾರಿಯ ಪರಿಕರಗಳು ಬೇಡ. ತಾಯಿಯ ಹಳೆಯ ಸೀರೆ, ತಂದೆಯ ಪಂಚೆ, ಅಡಿಕೆಯ ಹಾಳೆ, ಗೋಪಿಚಂದನ, ಇವಿಷ್ಟು ನಮ್ಮ ತೋಟದ ಮನೆಗಳಲ್ಲಿ ಎಲ್ಲಿಯೂ ದೊರಕುವುವು.

ಬಿ. ವಿ. ಕಾರಂತರು 2002ರ ಸೆಪ್ಟೆಂಬರ್ 1ರಂದು ಕಾಲವಾದರು. ಪ್ರೇಮಾ ಅವರು 2007ರ ಅಕ್ಟೋಬರ್ 29ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಪತಿಯ ಆತ್ಮಕಥೆ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನು ಲೇಖಕಿ ವೈದೇಹಿಯವರು ನಿರೂಪಿಸಿ ಬರೆದಿರುವರು. ಪ್ರೇಮಾ ಅವರ ಆತ್ಮಕಥೆಯ ಹೆಸರು ‘ಸೋಲಿಸಬೇಡ ಗೆಲಿಸಯ್ಯ’. ಒಂದೇ ದಾಂಪತ್ಯವನ್ನು ಎರಡು ಕಡೆಗಳಿಂದ ತಿಳಿಯಬಯಸುವವರು ಎರಡನ್ನೂ ಓದಬೇಕು. ಗಂಡನ ಪುಸ್ತಕವನ್ನು ಮಾತ್ರ ಓದಿ ಕೆಳಗಿಡುವುದು ನಮ್ಮ ಲೋಕದ ರೂಢಿಯಾಗಿರುವುದರಿಂದ ಈ ಮಾತನ್ನು ಹೇಳಬೇಕಾಯಿತು.

ಇವರು ತೆರೆದ ಬಾಗಿಲು ಮತ್ತೆ ಮುಚ್ಚಲಿಲ್ಲ. ಕವಿತಾ ಲಂಕೇಶರು 1999ರಲ್ಲಿ ‘ದೇವೀರಿ’ಯನ್ನು ನಿರ್ದೇಶಿಸಿದರು, ಸುಮನಾ ಕಿತ್ತೂರು ಅವರು ಬಂದರು, 2018ರಲ್ಲಿ ಚಂಪಾ ಶೆಟ್ಟಿಯವರು ವೈದೇಹಿಯವರ ಕಥೆಗಳಿಂದ ‘ಅಮ್ಮಚ್ಚಿಯೆಂಬ ನೆನಪು’ ಚಿತ್ರವನ್ನು ತೆಗೆದರು. ನಮ್ಮ ಯಕ್ಷಗಾನದಲ್ಲಿಯೂ, ಸ್ತ್ರೀವೇಷವನ್ನು ಗಂಡಸರೇ ಕಟ್ಟುತ್ತಿದ್ದ ತೆಂಕುತಿಟ್ಟಿನ ಮೇಳಗಳಲ್ಲಿ, ಶ್ರೀಮತಿ ಲೀಲಾವತಿ ಬೈಪಾಡಿತ್ತಾಯರು ಭಾಗವತರ ಜಾಗಟೆಯನ್ನು ಹಿಡಿದು ರಾತ್ರಿಯಿಡೀ ಆಟವನ್ನು ನಡೆಸಿ ತೋರಿಸಿದರು. ಭಾಗವತನೆಂದರೆ ಯಕ್ಷಗಾನದ ನಿರ್ದೇಶಕನೇ ಅಲ್ಲವೇ? ಆ ಪೀಠವೂ ಹೀಗೆ ಸ್ತ್ರೀಯರಿಗೆ ದೊರಕಿತು.

ಕೊನೆಯದಾಗಿ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ‘ಫಣಿಯಮ್ಮ’ ಕಾದಂಬರಿಯು ಅಂಗಡಿಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ದೊರಕುವುದು. ಮಳೆಗಾಲದ ಒಂದು ಸಂಜೆ, ಮನೆಯಲ್ಲಿ ಎಲ್ಲರೂ ಇರುವಾಗ, ಅದನ್ನು ಗಟ್ಟಿಯಾಗಿ ಓದಿಸಿ ಕೇಳಿರಿ. ಚಿತ್ರವನ್ನು ನೋಡುವ ಅನುಕೂಲವಿದ್ದರೆ ಗಂಡಸರೂ ಮಕ್ಕಳೂ ಸಹಿತ ಕುಳಿತು ನೋಡಿರಿ. ತರುವಾಯ ನಿಮ್ಮ ಮನೆಯ ವಂಶಾವಳಿಯ ಪುಸ್ತಕವನ್ನು ಹೊರತೆಗೆಯಿರಿ. ಅದರಲ್ಲಿ ಬಾರದೆ ಹೋದ ಹೆಂಗಸರು ಯಾರು ಯಾರೆಂದು ಮನೆಯ ಅತ್ಯಂತ ಹಿರಿಯ ಹೆಂಗಸನ್ನು ಕೇಳಿರಿ. ಆಕೆ ಹೇಳಿದ ಹೆಸರುಗಳನ್ನು ಆಕೆಯಿರುವಾಗಲೇ ಬರೆದಿಡಿರಿ.